ಗಾಳಿ ಇರುವಲ್ಲಿ ಬುತ್ತಿ ಬಿಚ್ಚಿ

ನಾನು ಬಿಟ್ಟುಬಂದ ಕುರ್ಚಿಯಲ್ಲಿ ಈಗ ಕೂತಿರುವ ಹುಡುಗಿ ಹೋದ ವಾರ ಫೋನ್ ಮಾಡಿದ್ದಳು. ಕೆಲಸಕ್ಕೆ ಸೇರಿ ಇನ್ನೂ ಒಂದು ತಿಂಗಳಾಗಿಲ್ಲ.

"ಮೇಡಂ, ನಿಮ್ಮ ಕಾಗದದ ಏಳನೇ ನಿಯಮ ತೆಗೆದುಬಿಡ್ಲಾ? ಗಾಳಿ ಮುಖಕ್ಕೆ ಹೊಡೆಯುವ ಜಾಗದಲ್ಲೇ ಊಟ ಮಾಡಬೇಕು ಅಂತ ಉಂಟಲ್ಲ, ಅದು. ಗಿರಾಕಿಗಳು ಬೈತಾರೆ. ಅನ್ನದ ಮೇಲೆ ಬೂದಿ ಬೀಳ್ತದಂತೆ."

"ಬೇಕಿದ್ದರೆ ಕೆಳಗಿರುವ ನನ್ನ ಹೆಸರು ತೆಗೆ. ಏಳನೆಯದನ್ನು ಮುಟ್ಟಬೇಡ" ಎಂದೆ. ಯಾಕೆ ಎಂದು ಕೇಳಿದಳು. ಯಾಕೆ ಎಂದು ಕೇಳುವ ಹುಡುಗಿ ನನಗೆ ಇಷ್ಟವಾಗುತ್ತಾಳೆ. ಆದರೆ ಅದು ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ, ಹಾಗಾಗಿ ಬರೆಯಲು ಕೂತಿದ್ದೇನೆ. ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಮಗಳ ಮನೆಯ ಮೇಲ್ಮಹಡಿ ನನ್ನದು. ಮೊಮ್ಮಕ್ಕಳು ಶಾಲೆಗೆ ಹೋದ ಮೇಲೆ ಮಧ್ಯಾಹ್ನದವರೆಗೂ ನನಗೆ ಹೇಳುವವರು ಕೇಳುವವರು ಯಾರೂ ಇಲ್ಲ.

ನನ್ನ ಕೆಲಸ ಏನಿತ್ತು ಎಂದು ಮೊದಲು ಹೇಳಬೇಕು. ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನಲ್ಲಿ, ಮೊಬೈಲ್ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ ಕೂತು, ಕೊನೆಯ ಕೆಲವು ವರ್ಷ ನಾನು ಜನರನ್ನು ಜ್ವಾಲಾಮುಖಿಗೆ ಕಳಿಸುತ್ತಿದ್ದೆ. ಈ ಮಾತು ಕೇಳಿದ ನಮ್ಮ ಊರಿನ ದೊಡ್ಡತ್ತೆ "ಯಾರನ್ನು ಕಳಿಸ್ತಿ? ಆಗದವರನ್ನಾ?" ಎಂದು ಕೇಳಿದ್ದರು. ಅಲ್ಲ, ಹಣ ಕೊಟ್ಟು, ರಜೆ ಹಾಕಿ, ಮಕ್ಕಳನ್ನು ಕಟ್ಟಿಕೊಂಡು ಹೋಗುವವರನ್ನೇ ಕಳಿಸುತ್ತಿದ್ದೆ. ಈದ್ ರಜೆ ಬಂತೆಂದರೆ ಗಲ್ಫಿನ ಜನರಿಗೆ ಮನೆಯಲ್ಲಿ ಕೂರಲು ಆಗುವುದಿಲ್ಲ. ಮರಳು ನೋಡಿ ನೋಡಿ ಬೇಸತ್ತವರಿಗೆ ಹಸಿರು ಬೇಕು, ಹಿಮ ಬೇಕು. ಅದೂ ಸಾಕಾದ ಮೇಲೆ ಬೆಂಕಿ ಬೇಕಾಯಿತು.

ಕೆಲಸ ಶುರು ಮಾಡಿದ್ದು ಮಾತ್ರ ಮರಳಿನಲ್ಲೇ. ಮದುವೆಯಾಗಿ ಬಂದಾಗ ನನ್ನ ಗಂಡನ ಕೆಲಸ ಮದೀನತ್ ಜಾಯೆದ್‌ನಲ್ಲಿತ್ತು. ಅಲ್ಲಿ ಎಣ್ಣೆ ಕಂಪನಿಗಳ ಕುಟುಂಬಗಳನ್ನು ಶುಕ್ರವಾರ ಮರಳುದಿಬ್ಬಗಳಿಗೆ ಕರೆದುಕೊಂಡು ಹೋಗಿ ಊಟ ಹಾಕಿ ಕರೆತರುವ ಒಂದು ಸಣ್ಣ ಕಂಪನಿ ಇತ್ತು. ಟೈಪಿಸ್ಟ್ ಎಂದು ಸೇರಿದೆ. ಆರು ತಿಂಗಳಲ್ಲಿ ಊಟದ ಪೂರ್ತಿ ಜವಾಬ್ದಾರಿ ನನ್ನ ತಲೆಗೆ ಬಂತು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ?

ಮರುಭೂಮಿಯಲ್ಲಿ ಊಟ ಹಾಕುವುದು ಒಂದು ವಿದ್ಯೆ. ಸುಹೈಲ್ ಎಂಬ ಹಳೆಯ ಡ್ರೈವರ್ ನನಗೆ ಅದನ್ನು ಕಲಿಸಿದರು. ಗಾಳಿ ಯಾವ ಕಡೆಯಿಂದ ಬರುತ್ತದೆ ನೋಡಿ, ದಿಬ್ಬದ ಆಚೆಯ ತಗ್ಗಿಗೆ ಇಳಿದರೆ ಅಲ್ಲಿ ಎಲೆ ಕೂಡ ಅಲುಗುವುದಿಲ್ಲ. ಅಲ್ಲಿ ಚಾಪೆ ಹಾಸಿ ಬಿರಿಯಾನಿ ಡಬರಿ ಬಿಚ್ಚಬೇಕು. ಹೋಗುವಾಗ ಹಿಂದಿನ ಗಾಡಿಯ ಚಕ್ರದ ಗುರುತಿನ ಮೇಲೆಯೇ ಹೋಗಬೇಕು, ಹೊಸ ದಾರಿ ಮಾಡಬಾರದು. ಮರಳಿನಲ್ಲಿ ಒಂದು ಗಿಡ ಬೇರು ಬಿಡುವುದಕ್ಕೆ ಎಷ್ಟು ವರ್ಷ ಬೇಕು ಎಂದು ಅವರಿಗೆ ಗೊತ್ತಿತ್ತು. ಇದೆಲ್ಲವನ್ನೂ ನಾನು ಒಂದು ಪುಟದಲ್ಲಿ ಟೈಪ್ ಮಾಡಿ, ಕೆಳಗೆ ಸಹಿ ಹಾಕಿ, ಪ್ರತಿ ಗಾಡಿಗೂ ಒಂದು ಪ್ರತಿ ಕೊಡುತ್ತಿದ್ದೆ. 'ಊಟಕ್ಕೆ ಗಾಳಿ ತಾಗದ ತಗ್ಗು ಜಾಗ ಆರಿಸಬೇಕು. ಚಾಪೆ ಹಾಸಿ ಎಲ್ಲರೂ ಕೂತು ಉಣ್ಣಬೇಕು. ಊಟದ ನಂತರ ಮಕ್ಕಳಿಗೂ ಹಿರಿಯರಿಗೂ ಅರ್ಧ ಗಂಟೆ ವಿಶ್ರಾಂತಿ.' ನಮ್ಮ ಜನ ನಿಂತು ಉಣ್ಣುವವರಲ್ಲ. ಕೂರಬೇಕು, ಬಡಿಸಬೇಕು, ಇನ್ನೊಂದು ಸೌಟು ಹಾಕಿಸಿಕೊಳ್ಳಬೇಕು, ಆಮೇಲೆ ಸ್ವಲ್ಪ ಅಡ್ಡಾಗಬೇಕು.

ಆ ಕಂಪನಿ ಮುಚ್ಚಿ ಎಲೆಕ್ಟ್ರಾ ಸ್ಟ್ರೀಟಿನ ಟ್ರಾವೆಲ್ ಆಫೀಸಿಗೆ ಬಂದಾಗ ಆ ಕಾಗದವೂ ನನ್ನ ಜೊತೆ ಬಂತು. ಮೊದಲು ಫ್ಯಾಕ್ಸ್ ಆಯಿತು, ಆಮೇಲೆ ಇಮೇಲ್ ಆಯಿತು, ಈಗ ವಾಟ್ಸಾಪಿನಲ್ಲಿ ಹೋಗುತ್ತದೆ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಒಬ್ಬ ಗಿರಾಕಿಯ ಅನ್ನದಲ್ಲಿ ಒಂದು ಕಾಳು ಮರಳು ಸಿಕ್ಕಿಲ್ಲ ಎಂದು ನಾನು ಎಲ್ಲರ ಮುಂದೆ ಕೊಚ್ಚಿಕೊಳ್ಳುತ್ತಿದ್ದೆ. ಬಡ್ತಿಯ ಕತೆ ಇಲ್ಲಿ ಬರೆಯುವುದಿಲ್ಲ. ಈ ಒಂದು ಜಂಬ ಮಾತ್ರ ನೆನಪಿಟ್ಟುಕೊಳ್ಳಿ.

ಎಷ್ಟೋ ತಲೆಮಾರು ಮಲಗಿದ್ದ ಒಂದು ಬೆಟ್ಟ ದೂರದ ಒಂದು ದ್ವೀಪದಲ್ಲಿ ಎದ್ದು ಕೂತಿತು. ದ್ವೀಪದ ಹೆಸರು ಬರೆಯುವುದಿಲ್ಲ. ಅಲ್ಲಿನವರಿಗೆ ಆಗಿರುವ ಕಷ್ಟವೇ ಸಾಕು, ನನ್ನ ತಪ್ಪಿನ ಕತೆಯಲ್ಲಿ ಅವರ ಹೆಸರು ಬೇಡ. ಮೊದಲ ಅಬ್ಬರ ತಗ್ಗಿದ ಮೇಲೆ ಅಲ್ಲಿನ ಸರಕಾರ ಒಂದು ಕಾಲುದಾರಿ ತೆರೆಯಿತು. ಊರಿನ ಗೈಡ್ ಜೊತೆಗಿದ್ದರೆ ಮಾತ್ರ ಹೋಗಬಹುದು. ಫೋನಿನಲ್ಲಿ ಕೆಂಪು ಲಾವಾ ಹರಿಯುವುದನ್ನು ನೋಡಿದ ನಮ್ಮ ಗಿರಾಕಿಗಳು "ಅಲ್ಲಿಗೆ ಯಾವಾಗ?" ಎಂದು ದಿನಾ ಕೇಳತೊಡಗಿದರು.

ನಮ್ಮ ಮುದೀರ್ ಅಬು ತಾರಿಕ್ ಜೋರ್ಡಾನಿನವರು. ಮುದೀರ್ ಎಂದರೆ ಇಲ್ಲಿ ಮ್ಯಾನೇಜರ್. ಒಳ್ಳೆಯ ಮನುಷ್ಯ, ಆದರೆ ಅವಸರದ ಪಿಂಡ. ಜಾಹೀರಾತಿನಲ್ಲಿ 'ಲಾವಾ ಗ್ಯಾರಂಟಿ' ಎಂದು ದಪ್ಪ ಅಕ್ಷರದಲ್ಲಿ ಹಾಕಿಸಿದ್ದರು. ನಾನು ಅದನ್ನು ಹಿಡಿದುಕೊಂಡು ಅವರ ಕೋಣೆಗೆ ಹೋದೆ.

"ಗ್ಯಾರಂಟಿ ಕಾಗದಕ್ಕೆ ಬೆಟ್ಟದ ಸಹಿ ಯಾರು ತರ್ತಾರೆ, ಅಬು ತಾರಿಕ್?"

ಅವರು ನಕ್ಕರು, ಸಿಟ್ಟು ಮಾಡಿದರು, ಚಹಾ ತರಿಸಿದರು, ಕೊನೆಗೆ 'ಬೆಟ್ಟ ಮನಸ್ಸು ಮಾಡಿದರೆ ಲಾವಾ' ಎಂದು ಬದಲಾಯಿಸಿದರು. ಆಫೀಸಿನವರೆಲ್ಲ ನನ್ನನ್ನು ಹೊಗಳಿದರು. ಜವಾಬ್ದಾರಿಯ ಪ್ರವಾಸ ಎಂದರೆ ಇದೇ ಎಂದು ನಾನೂ ಬೀಗಿದೆ. ಆ ಬೆಟ್ಟವನ್ನು ನಾನು ಕಣ್ಣಾರೆ ನೋಡಿರಲಿಲ್ಲ. ನನ್ನ ಜ್ಞಾನವೆಲ್ಲ ಪುಸ್ತಕದ ಬದನೆಕಾಯಿ.

ಮೊದಲ ತಂಡದಲ್ಲಿ ಇಪ್ಪತ್ತೆರಡು ಜನ, ಹೆಚ್ಚಿನವರು ನಮ್ಮ ಕರಾವಳಿಯವರೇ. ತಂಡದ ನಾಯಕ ಸದಾಶಿವ. ಕಾಪು ಕಡೆಯವನು, ಮನೆಮಾತು ತುಳು, ನನ್ನ ಕೈಕೆಳಗೆ ಹನ್ನೆರಡು ವರ್ಷ ಕೆಲಸ ಮಾಡಿದವನು. ನಾನು ಕೊಟ್ಟ ಕಾಗದವನ್ನು ಅಕ್ಷರ ಬಿಡದೆ ಪಾಲಿಸುವವನು. ನನ್ನನ್ನು ಬಾಯಮ್ಮ ಎನ್ನುತ್ತಾನೆ, ನಮ್ಮೂರಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ. ಹೊರಡುವ ದಿನ ಏರ್‌ಪೋರ್ಟಿನಲ್ಲಿ ಅವನ ಕೈಗೆ ಕಾಗದ ಕೊಟ್ಟೆ. ಅದೇ ಹಳೆಯ ಕಾಗದ. ಮರಳು ಇದ್ದ ಜಾಗದಲ್ಲಿ ಬೂದಿ ಎಂದು ತಿದ್ದಿದ್ದೆ, ಅಷ್ಟೇ.

ಮೂರನೆಯ ದಿನ ರಾತ್ರಿ ಅವನ ಫೋನ್ ಬಂತು. ಅವನು ಅಳುವುದನ್ನು ನಾನು ಅದೇ ಮೊದಲು ಕೇಳಿದ್ದು.

ಆದದ್ದು ಇಷ್ಟು. ಊಟದ ಹೊತ್ತಿಗೆ ಗಾಳಿ ಜೋರಾಗಿತ್ತು, ಕಪ್ಪು ಬೂದಿ ಹಾರುತ್ತಿತ್ತು. ದ್ವೀಪದ ಗೈಡ್ ಮಾರ್ತಾ, ಮುಂದಿನ ದಾರಿ ನೋಡಿ ಬರುತ್ತೇನೆ, ಇಲ್ಲೇ ದಿಣ್ಣೆಯ ಮೇಲೆ ನಿಂತು ಬ್ರೆಡ್ ತಿನ್ನಿ ಎಂದು ಹೇಳಿ ಸ್ವಲ್ಪ ಮುಂದೆ ಹೋಗಿದ್ದಳು. ಸದಾಶಿವ ಕಾಗದ ನೋಡಿದ. ಹತ್ತು ಹೆಜ್ಜೆ ಕೆಳಗೆ ಬಟ್ಟಲಿನಂಥ ಒಂದು ತಗ್ಗು ಇತ್ತು. ಅಲ್ಲಿ ಗಾಳಿಯೇ ಇಲ್ಲ. ಚಾಪೆ ಹಾಸಿದರು, ಚಿತ್ರಾನ್ನ ಬಡಿಸಿದರು, ಉಂಡರು. ಉಂಡ ಮೇಲೆ ಡಯಾನಾ ಎಂಬವರ ಐದು ವರ್ಷದ ಮಗಳು ಎಲೀಶಾ ಚಾಪೆಯ ಮೇಲೆ ಮಲಗಿತು. ಮಗುವಿಗೆ ಸುಸ್ತಾಗಿದೆ, ಮಲಗಲಿ ಎಂದು ಎಲ್ಲರೂ ಹೇಳಿದರು.

ನೆಲದ ಬಿರುಕಿನಿಂದ ಬರುವ ಗಾಳಿಗೆ ವಾಸನೆಯೂ ಇರಲಿಲ್ಲ, ಬಣ್ಣವೂ ಇರಲಿಲ್ಲ. ಅದು ನಾವು ಉಸಿರಾಡುವ ಗಾಳಿಗಿಂತ ಭಾರ. ಬೀಸುವ ಗಾಳಿ ಇಲ್ಲದ ತಗ್ಗಿನಲ್ಲಿ ನೀರಿನ ಹಾಗೆ ತುಂಬಿಕೊಳ್ಳುತ್ತದೆ. ಕೂತವರ ಮೂಗಿಗಿಂತ ಮಲಗಿದ ಮಗುವಿನ ಮೂಗು ಕೆಳಗೆ. ಮಾರ್ತಾ ಹಿಂತಿರುಗಿ ನೋಡಿದಾಗ ದಿಣ್ಣೆಯ ಮೇಲೆ ಯಾರೂ ಇಲ್ಲ, ಕೆಳಗೆ ನಮ್ಮ ಬಣ್ಣದ ಚಾಪೆ ಕಂಡಿತು. ಗಾಬರಿಯಲ್ಲಿ ತನ್ನ ಭಾಷೆಯಲ್ಲೇ ಕೂಗುತ್ತಾ ಓಡಿಬಂದಳು. ಅವಳ ಮಾತು ಯಾರಿಗೂ ಅರ್ಥವಾಗಲಿಲ್ಲ. ಮಗುವನ್ನು ಎತ್ತಿ ಮೇಲಕ್ಕೆ ಓಡಿದಳು. ಆಗ ಸದಾಶಿವನಿಗೆ ಅರ್ಥವಾಯಿತು. ಉಳಿದವರನ್ನೆಲ್ಲ ರಟ್ಟೆ ಹಿಡಿದು ಎಳೆದು ಮೇಲೆ ಹತ್ತಿಸಿದ. ಗಾಳಿಯಲ್ಲಿ ಸ್ವಲ್ಪ ಹೊತ್ತಾದ ಮೇಲೆ ಮಗು ಕಣ್ಣು ಬಿಟ್ಟು ಅತ್ತಿತು. ಇಬ್ಬರು ಹಿರಿಯರಿಗೆ ತಲೆನೋವು, ಒಬ್ಬರಿಗೆ ವಾಂತಿ. ಆಸ್ಪತ್ರೆಯವರು ನೋಡಿ ಸಂಜೆಗೇ ಎಲ್ಲರನ್ನೂ ಕಳಿಸಿದರು.

"ಬಾಯಮ್ಮ, ಜಾಗ ಆರಿಸಿದ್ದು ನಾನು ಮಾರಾಯ್ರೆ" ಎಂದ ಸದಾಶಿವ. "ಎಂಥ ಹೇಳುದು ಈಗ. ಆ ಮಗುವಿನ ಮುಖ ಕಣ್ಣೆದುರಿಂದ ಹೋಗುದಿಲ್ಲ."

ಕಾಗದದ ಸುದ್ದಿಯನ್ನೇ ಅವನು ಎತ್ತಲಿಲ್ಲ. ವಾಪಸು ಬಂದ ಮೇಲೆ ಮುದೀರ್ ಮುಂದೆಯೂ ಎತ್ತಲಿಲ್ಲ. ಡಯಾನಾ ದುಬೈಯಲ್ಲಿ ಆಸ್ಪತ್ರೆ ನರ್ಸ್. ಗಂಟೆ, ನಿಮಿಷ, ಮಗುವಿನ ಉಸಿರಾಟ ಎಲ್ಲ ಬರೆದು ದೂರು ಕಳಿಸಿದ್ದರು. ಜಾಗ ಆರಿಸಿದ್ದು ತಂಡದ ನಾಯಕ ಎಂದು ಅದರಲ್ಲಿತ್ತು. ಮುದೀರ್ ಅದನ್ನು ಓದಿ "ಸದಾಶಿವ ಖಲಾಸ್. ವೀಸಾ ಕ್ಯಾನ್ಸಲ್ ಮಾಡಿ" ಎಂದರು. ಸದಾಶಿವನ ಮಗ ಇಲ್ಲಿನ ಇಂಡಿಯನ್ ಸ್ಕೂಲಿನಲ್ಲಿ ಹನ್ನೆರಡನೇ ಕ್ಲಾಸಿನಲ್ಲಿದ್ದ. ಅಪ್ಪನ ವೀಸಾ ಹೋದರೆ ಪರೀಕ್ಷೆಗೆ ಮೊದಲೇ ಇಡೀ ಮನೆ ಗಂಟುಮೂಟೆ ಕಟ್ಟಬೇಕು.

ಈಗ ನಾಚಿಕೆಯ ಮಾತು ಬರೆಯುತ್ತೇನೆ. ಎರಡು ದಿನ ನಾನು ಬಾಯಿ ಮುಚ್ಚಿಕೊಂಡಿದ್ದೆ. ನಿವೃತ್ತಿಗೆ ಹೆಚ್ಚು ವರ್ಷ ಉಳಿದಿರಲಿಲ್ಲ, ಹೆಸರು ಚೆನ್ನಾಗಿತ್ತು. ಅವನೇ ಒಪ್ಪಿಕೊಂಡಿದ್ದಾನಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮೂರನೆಯ ದಿನ ಸದಾಶಿವ ತನ್ನ ಮೇಜಿನ ಸಾಮಾನು ಒಂದು ರಟ್ಟಿನ ಪೆಟ್ಟಿಗೆಗೆ ಹಾಕುತ್ತಿದ್ದ. ನನ್ನ ಕಾಗದದ ಪ್ರತಿಯನ್ನೂ ಮಡಚಿ ಜೋಪಾನವಾಗಿ ಅದರೊಳಗೆ ಇಟ್ಟ.

"ಅದನ್ಯಾಕೆ ತಗೊಂಡು ಹೋಗ್ತಿ?" ಎಂದು ಕೇಳಿದೆ.

"ಇಲ್ಲಿದ್ರೆ ಯಾರಾದ್ರೂ ಓದ್ತಾರೆ ಬಾಯಮ್ಮ. ನಿಮಗೆ ಸುಮ್ನೆ ತೊಂದ್ರೆ."

ಪೆಟ್ಟಿಗೆಯಿಂದ ಕಾಗದ ಕಿತ್ತುಕೊಂಡು ನೆಟ್ಟಗೆ ಮುದೀರ್ ಕೋಣೆಗೆ ಹೋಗಿ ಮೇಜಿನ ಮೇಲೆ ಇಟ್ಟೆ. ಆ ಸಾಲಿನ ಮೇಲೆ ಬೆರಳಿಟ್ಟು ಓದಿ ಹೇಳಿದೆ. ಕೆಳಗಿನ ಸಹಿಯನ್ನೂ ತೋರಿಸಿದೆ. "ಅವನು ನಾನು ಹೇಳಿದ್ದನ್ನು ಮಾಡಿದ. ತಪ್ಪು ನನ್ನದು. ಕ್ಯಾನ್ಸಲ್ ಮಾಡುವುದಾದರೆ ನನ್ನದು ಮಾಡಿ."

ಅಬು ತಾರಿಕ್ ಕಾಗದವನ್ನು ವಾಪಸು ನನ್ನ ಕಡೆಗೇ ತಳ್ಳಿದರು. ಆಮೇಲೆ ಹೇಳಿದರು: "ನಾನು ಕ್ಷಮಿಸಿದರೆ ಏನು ಬಂತು, ಮಿಸ್ ಹಿಲ್ಡಾ? ಮಗು ನನ್ನದಲ್ಲ. ಆ ತಾಯಿ ದೂರು ಹಿಂದೆ ತೆಗೆದುಕೊಳ್ಳಲಿ. ಮುಂದಿನ ಈದ್‌ವರೆಗೆ ಕಾಯುತ್ತೇನೆ. ಇಲ್ಲವಾದರೆ ಇಬ್ಬರೂ ಖಲಾಸ್, ಆ ಪ್ರವಾಸವೂ ಖಲಾಸ್."

ಮರುದಿನವೇ ದುಬೈ ಬಸ್ಸು ಹತ್ತಿದೆ. ಡಯಾನಾ ಅಲ್ ಕುಸೈಸ್‌ನ ಒಂದು ಫ್ಲ್ಯಾಟಿನಲ್ಲಿದ್ದರು. ಡ್ಯೂಟಿ ಮುಗಿಸಿ ಆಗಷ್ಟೇ ಬಂದಿದ್ದರು, ಸಮವಸ್ತ್ರ ಕೂಡ ಬದಲಾಯಿಸಿರಲಿಲ್ಲ. ಇಬ್ಬರದೂ ಕೊಂಕಣಿ ಮನೆಮಾತು, ಮಾತು ಕೊಂಕಣಿಯಲ್ಲೇ ಆಯಿತು. ನಮ್ಮವರು ಹಿರಿಯ ಹೆಂಗಸರನ್ನು ಕರೆಯುವ ಹಾಗೆ ಅವರು ನನ್ನನ್ನು ಬಾಯಿ ಎಂದರು. ನಾನು ಕಾಗದ ತೋರಿಸಿದೆ, ಎಲ್ಲವನ್ನೂ ಹೇಳಿದೆ. ಎಲೀಶಾ ಸೋಫಾದ ಮೇಲೆ ಕೂತು ಬಣ್ಣ ತುಂಬುತ್ತಿತ್ತು. ಅದರ ಕಡೆ ನೋಡಲು ನನಗೆ ಧೈರ್ಯ ಬರಲಿಲ್ಲ.

"ದೂರು ಹಿಂದೆ ತೆಗೆಸ್ಲಿಕ್ಕೆ ಬಂದದ್ದಾ ಬಾಯಿ?"

"ಹೌದು" ಎಂದೆ. ಸುಳ್ಳು ಹೇಳಿ ಏನಾಗಬೇಕಿತ್ತು.

"ನೀವು ಆ ಜಾಗ ನೋಡಿದ್ದೀರಾ?"

"ಇಲ್ಲ."

"ನೋಡದೆ ಬರ್ದದ್ದಾ?" ಅವರು ಕಾಗದವನ್ನು ನನ್ನ ಮಡಿಲಿಗೆ ಹಾಕಿದರು. "ನಾನು ನರ್ಸ್. ನನ್ನ ಕಣ್ಣೆದುರಿಗೆ ಮಗು ಮಲಗಿತು, ನನಗೇ ಗೊತ್ತಾಗ್ಲಿಲ್ಲ. ಆ ಸಿಟ್ಟು ನಿಮ್ಮ ಮೇಲೆ ಮಾತ್ರ ಅಲ್ಲ. ಹೋಗಿ, ಮೊದಲು ಆ ಜಾಗ ನೋಡಿ ಬನ್ನಿ. ಆಮೇಲೆ ಮಾತಾಡುವ."

ಒಂದು ಲೋಟ ನೀರೂ ಕೊಡಲಿಲ್ಲ. ಕೊಡದಿದ್ದದ್ದೇ ಸರಿ.

ಹೋದೆ. ಮೊಣಕಾಲು ನೋವಿನ ಹೆಂಗಸು, ರಜೆ ಹಾಕಿ, ಎರಡು ವಿಮಾನ ಬದಲಿಸಿ ಆ ದ್ವೀಪಕ್ಕೆ ಹೋದೆ. ನಾನು ಇಪ್ಪತ್ತೆರಡು ಜನಕ್ಕೆ ಮಾರಿದ ಬೆಟ್ಟವನ್ನು ಆಗ ನೋಡಿದೆ. ಮಾರ್ತಾ ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು. ಮೊದಲು ಬಾಳೆ ಬೆಳೆಯುತ್ತಿದ್ದವಳು, ತೋಟ ಬೂದಿಯಡಿ ಹೋದ ಮೇಲೆ ಗೈಡ್ ಆದವಳು. ಮುರುಕು ಇಂಗ್ಲಿಷಿನಲ್ಲಿ ಮಾತಾಡುತ್ತಾಳೆ, ನನ್ನದೂ ಏನೂ ಮಹಾ ಅಲ್ಲ. ನಾನು ಯಾರು ಎಂದು ತಿಳಿದ ಮೇಲೆ ಅವಳು ಬೈಯಲಿಲ್ಲ. ಕೈ ಹಿಡಿದು ಆ ತಗ್ಗಿನ ಅಂಚಿಗೆ ಕರೆದುಕೊಂಡು ಹೋದಳು.

ಅವಳ ಸೊಂಟದಲ್ಲಿ ಒಂದು ಸಣ್ಣ ಡಬ್ಬಿ ಇತ್ತು, ಕೆಟ್ಟ ಗಾಳಿ ಅಳೆಯುವುದು. ಅದನ್ನು ನನ್ನ ಭುಜದ ಹತ್ತಿರ ಹಿಡಿದಳು. ಸದ್ದಿಲ್ಲ. ಆಮೇಲೆ ಅದಕ್ಕೆ ಉದ್ದ ಹಗ್ಗ ಕಟ್ಟಿ, ಬಾವಿಗೆ ಕೊಡಪಾನ ಇಳಿಸುವ ಹಾಗೆ, ನಾವು ನಿಂತಲ್ಲಿಂದಲೇ ಮೆಲ್ಲಗೆ ತಗ್ಗಿಗೆ ಇಳಿಸಿದಳು. ಅರ್ಧ ದಾರಿಯಲ್ಲಿ ಅದು ಒಮ್ಮೆ ಕೂಗಿತು. ನೆಲ ಮುಟ್ಟುವ ಹೊತ್ತಿಗೆ ಬಿಡದೆ ಚೀರತೊಡಗಿತು. ಅವಳು ಹಗ್ಗ ಎಳೆದುಕೊಳ್ಳುವವರೆಗೂ ಚೀರುತ್ತಲೇ ಇತ್ತು. ನಾನು ಅಲ್ಲೇ ಕೂತು ಅತ್ತೆ.

ಮಾರ್ತಾ ನನ್ನ ಗಲ್ಲ ಹಿಡಿದು ಮುಖವನ್ನು ಗಾಳಿಯ ಕಡೆ ತಿರುಗಿಸಿದಳು. "ಕೆನ್ನೆ ತಣ್ಣಗೆ, ಒಳ್ಳೇದು. ಕೆನ್ನೆಗೆ ಏನೂ ಇಲ್ಲ, ಹೋಗು" ಎಂದಳು. ಒಂದು ಶಾಲೆ ಕಲಿಸಬಹುದಾದದ್ದನ್ನೆಲ್ಲ ಅವಳು ಆ ಎರಡು ಮಾತಿನಲ್ಲಿ ಕಲಿಸಿದಳು.

ಹಿಂತಿರುಗುವಾಗ ಬೂದಿಯೊಳಗಿಂದ ಮೊಣಕಾಲುದ್ದ ಎದ್ದು ನಿಂತ ಒಂದು ಇಟ್ಟಿಗೆ ಗೂಡು ಕಂಡಿತು. ಎಲ್ಲೋ ನೋಡಿದ ಹಾಗಿತ್ತು. ಆಮೇಲೆ ನೆನಪಾಯಿತು: ನಮ್ಮ ಜಾಹೀರಾತಿಗೆ ಆಮೇಲೆ ಹಾಕಿದ ಮುಖ್ಯ ಫೋಟೋ ಅದೇ. ಮೊದಲ ತಂಡದವರು ಅದರ ಮೇಲೆ ಒಂದು ಕಾಲಿಟ್ಟು, ಎರಡು ಬೆರಳು ತೋರಿಸಿ ನಗುತ್ತಾ ನಿಂತಿದ್ದರು.

"ಅದೇನು ಮಾರ್ತಾ?"

"ನನ್ನ ಅಡುಗೆಮನೆಯ ಹೊಗೆಗೂಡು" ಎಂದಳು. ಅಷ್ಟು ಹೇಳಿ ಮುಂದೆ ನಡೆದಳು.

ಆಫೀಸಿಗೆ ಫೋನ್ ಮಾಡಿ ಆ ಫೋಟೋವನ್ನು ಆ ಗಳಿಗೆಯಲ್ಲೇ ತೆಗೆಸಿದೆ. ಸುಹೈಲ್ ಕಲಿಸಿದ ಎರಡು ಪಾಠದಲ್ಲಿ ಒಂದು ಇಲ್ಲಿ ಕೊಲ್ಲುತ್ತಿತ್ತು, ಇನ್ನೊಂದು ಇಲ್ಲಿಗೇ ಬೇಕಾಗಿತ್ತು. ಊಟಕ್ಕೆ ತಗ್ಗು ಬೇಡ. ಆದರೆ ಹಳೆಯ ಗುರುತಿನ ಮೇಲೆಯೇ ನಡೆಯಬೇಕು, ಯಾಕೆಂದರೆ ಬೂದಿಯ ಕೆಳಗೆ ಯಾರದೋ ತೋಟ, ಯಾರದೋ ಮನೆ ಇದೆ. ಮರಳಿನಿಂದ ಬಂದವಳಿಗೆ ಬರೀ ನೆಲ ಕಾಣುತ್ತದೆ. ಅಲ್ಲಿಯವರಿಗೆ ಅದರ ಕೆಳಗಿನದೂ ಕಾಣುತ್ತದೆ.

ವಿಮಾನದಲ್ಲಿ ಹೊಸ ಕಾಗದ ಬರೆದೆ. ತಂಡದಲ್ಲಿ ಹನ್ನೆರಡಕ್ಕಿಂತ ಹೆಚ್ಚು ಜನ ಬೇಡ. ಕಾಲುದಾರಿ ಬಿಟ್ಟು ಇಳಿಯಬಾರದು. ಮನೆಯ ಅವಶೇಷದ ಮುಂದೆ ಫೋಟೋ ಇಲ್ಲ. ಒಂದು ಕಲ್ಲೂ ಚೀಲಕ್ಕೆ ಹೋಗಬಾರದು. ಡಬ್ಬಿ ಗೈಡಿನ ಹತ್ತಿರ ಮಾತ್ರವಲ್ಲ, ನಮ್ಮ ನಾಯಕನ ಹತ್ತಿರವೂ ಒಂದು ಇರಬೇಕು. ತಿರುಗಿ ಎಂದು ಇಬ್ಬರಲ್ಲಿ ಒಬ್ಬರು ಹೇಳಿದರೂ ಎಲ್ಲರೂ ತಿರುಗಬೇಕು. ಏಳನೆಯದು ಊಟದ ನಿಯಮ.

ಅದನ್ನು ಮೊದಲು ತೋರಿಸಿದ್ದು ಮುದೀರ್‌ಗಲ್ಲ, ಡಯಾನಾಗೆ. ಅವರು ಕೆಂಪು ಪೆನ್ನು ತಂದು ಕೂತರು. ಏಳನೆಯದರ ಕೆಳಗೆ ತಾವೇ ಎರಡು ಸಾಲು ಸೇರಿಸಿದರು: 'ಮಗುವನ್ನು ನೆಲದ ಮೇಲೆ ಮಲಗಿಸಬಾರದು. ಯಾರಿಗಾದರೂ ನಿದ್ದೆ ಬಂದರೆ ಅದು ಆಯಾಸ ಎಂದುಕೊಳ್ಳಬಾರದು, ಎತ್ತಿಕೊಂಡು ಗಾಳಿಗೆ ಹೋಗಬೇಕು.'

"ದೂರು ಈಗ ಹಿಂದೆ ತೆಗೆಯುದಿಲ್ಲ ಬಾಯಿ" ಎಂದರು. "ಕಾಗದದಲ್ಲಿ ಚಂದ ಬರೀಲಿಕ್ಕೆ ಎಲ್ಲರಿಗೂ ಬರ್ತದೆ. ಈದ್‌ಗೆ ತಂಡ ಕಳಿಸ್ತೀರಲ್ಲ? ನಮ್ಮ ಮೂರು ಜನರ ಹೆಸರು ಮೊದಲು ಬರೀರಿ. ಅಲ್ಲಿ ನೋಡಿ ಹೇಳ್ತೇನೆ."

"ಎಲೀಶಾ?"

"ಅವಳೂ ಬರ್ತಾಳೆ. ಆ ಸದಾಶಿವ ಅವರೇ ಕರ್ಕೊಂಡು ಹೋಗ್ಬೇಕು. ಒಮ್ಮೆ ಹೆದರಿದ ಮನುಷ್ಯ ಎರಡು ಸಲ ನೋಡ್ತಾನೆ."

ಅವತ್ತು ನನಗೆ ನೀರೂ ಸಿಕ್ಕಿತು, ಚಹಾವೂ ಸಿಕ್ಕಿತು.

ಈದ್ ತಂಡದಲ್ಲಿ ಹನ್ನೆರಡು ಜನ. ಅವರಲ್ಲಿ ಡಯಾನಾ, ಅವರ ಗಂಡ, ಎಲೀಶಾ, ಮತ್ತೆ ನಾನು. ಪರೀಕ್ಷೆ ಮಾಡಲೆಂದು ಅಬು ತಾರಿಕ್ ತಾವೇ ಹೊರಟರು, ಹೊಸ ಬೂಟು, ಹೊಸ ಜಾಕೆಟ್ಟು, ಹೊಸ ಟೋಪಿ ಎಲ್ಲ ಹಾಕಿಕೊಂಡು. ಉಡುಪಿ ಕಡೆಯ ಹಿರಿಯರೊಬ್ಬರು ಅಗ್ನಿದೇವರಿಗೆ ಎಂದು ಚೀಲದಲ್ಲಿ ಒಂದು ತೆಂಗಿನಕಾಯಿ ತಂದಿದ್ದರು. ಬೆಟ್ಟದ ಕಡೆ ಎಸೆಯುವ ಹಾಗಿಲ್ಲ, ಅಲ್ಲಿ ಒಡೆದು ಬಿಟ್ಟು ಬರುವ ಹಾಗೂ ಇಲ್ಲ ಎಂದು ನಾನು ಮೊದಲೇ ಹೇಳಿದೆ. "ಹಾಗಾದ್ರೆ ತೋರಿಸಿ ತರ್ತೇನೆ ಬಾಯಮ್ಮ, ದೇವರಿಗೆ ಕಣ್ಣುಂಟಲ್ಲ" ಎಂದರು. ಈ ಉತ್ತರಕ್ಕೆ ನನ್ನ ಬಳಿ ನಿಯಮ ಇರಲಿಲ್ಲ.

ಸದಾಶಿವ ಡಬ್ಬಿಯನ್ನು ಶಾಲೆ ಮಕ್ಕಳ ಐಡಿ ಕಾರ್ಡಿನಂತೆ ಕೊರಳಿಗೆ ಹಾಕಿಕೊಂಡು ಮುಂದೆ ನಡೆದ, ಮಾರ್ತಾ ಅವನ ಪಕ್ಕದಲ್ಲಿ. ಹೊಗೆಗೂಡಿನ ಹತ್ತಿರ ಬಂದಾಗ ಎಲ್ಲರ ಫೋನೂ ಜೇಬಿಗೆ ಹೋಯಿತು. ನಾನು ಮೊದಲೇ ಅದು ಯಾರ ಮನೆಯದು ಎಂದು ಹೇಳಿದ್ದೆ. ಹೇಳಿದರೆ ನಮ್ಮ ಜನ ಕೇಳುತ್ತಾರೆ. ಹೇಳದೆ ಇದ್ದದ್ದು ನಮ್ಮ ತಪ್ಪು. ಎಲೀಶಾ ಅಲ್ಲಿ ನಿಂತು ಮಾರ್ತಾಳ ಕೈ ಹಿಡಿದುಕೊಂಡಿತು.

ಲಾವಾ ಹತ್ತಿರದಿಂದ ಕಾಣುವ ಜಾಗಕ್ಕೆ ಇನ್ನು ಒಂದು ತಿರುವು ಮಾತ್ರ ಉಳಿದಿತ್ತು. ಅಷ್ಟರಲ್ಲಿ ಗಾಳಿ ನಿಂತಿತು. ಸದಾಶಿವ ಕೆನ್ನೆ ಮುಟ್ಟಿಕೊಂಡ, ಡಬ್ಬಿ ನೋಡಿದ, ಅಂಕಿ ಮೆಲ್ಲಗೆ ಏರುತ್ತಿತ್ತು. ಅದು ಇನ್ನೂ ಕೂಗಿರಲಿಲ್ಲ. ಅವನು ಕೈ ಎತ್ತಿದ.

"ತಿರುಗಿ. ಎಲ್ಲರೂ ತಿರುಗಿ."

"ಐದೇ ನಿಮಿಷ, ಸದಾಶಿವ" ಎಂದರು ಅಬು ತಾರಿಕ್. "ಇಷ್ಟು ದೂರ ಬಂದದ್ದು ಯಾಕೆ? ಮಾಫಿ ಮುಶ್ಕಿಲ್, ಏನೂ ತೊಂದರೆ ಇಲ್ಲ, ಅದು ಕೂಗಲೇ ಇಲ್ಲವಲ್ಲ. ಯಲ್ಲಾ, ಯಲ್ಲಾ, ನಡೆಯಿರಿ."

ಸದಾಶಿವನ ವೀಸಾ, ಅವನ ಮಗನ ಪರೀಕ್ಷೆ, ಎಲ್ಲ ಆ ಮನುಷ್ಯನ ಕೈಯಲ್ಲಿತ್ತು. ಸದಾಶಿವ ನನ್ನ ಕಡೆ ನೋಡಲೂ ಇಲ್ಲ.

"ಸರ್, ಆಫೀಸಿನಲ್ಲಿ ನೀವು ಮುದೀರ್. ಇಲ್ಲಿ ಈ ಡಬ್ಬಿ ಮುದೀರ್. ಇದು ಕೂಗುವ ಮೊದಲೇ ನಾವು ಹೋಗ್ಬೇಕು."

ಅಬು ತಾರಿಕ್ ಅವನ ಮುಖವನ್ನು ನೋಡಿದರು. ಆಮೇಲೆ ತಮ್ಮ ಹೊಸ ಬೂಟನ್ನು ನೋಡಿದರು. ಆಮೇಲೆ ಎಲ್ಲರಿಗಿಂತ ಮೊದಲು ತಾವೇ ತಿರುಗಿದರು. ನನಗೆ ಆ ಕ್ಷಣದಲ್ಲಿ ಸದಾಶಿವನನ್ನು ಎತ್ತಿ ಕುಣಿಸಬೇಕು ಎನ್ನಿಸಿತು. ಮೊಣಕಾಲು ಬಿಡಲಿಲ್ಲ.

ಬುತ್ತಿ ಬಿಚ್ಚಿದ್ದು ದಿಣ್ಣೆಯ ನೆತ್ತಿಯ ಮೇಲೆ. ಅಲ್ಲಿ ಗಾಳಿ ಹೇಗಿತ್ತೆಂದರೆ ಚಾಪೆಯ ನಾಲ್ಕು ಮೂಲೆಗೂ ಬೂಟು ಇಡಬೇಕಾಯಿತು, ಅದರಲ್ಲಿ ಎರಡು ಮುದೀರರ ಹೊಸ ಬೂಟು. ಸದಾಶಿವ ಡಬ್ಬಿಯನ್ನು ಚಾಪೆಯ ಮೇಲೆ, ನೆಲಕ್ಕೆ ತಾಗಿಸಿ ಇಟ್ಟು, ಅದು ಸುಮ್ಮನಿರುವುದನ್ನು ನೋಡಿದ ಮೇಲೆಯೇ ಎಲ್ಲರನ್ನೂ ಕೂರಿಸಿದ. ನಮ್ಮ ಜನ ಕೂತು ಉಣ್ಣುವುದನ್ನು ಬಿಡುವವರಲ್ಲ, ಬಿಡಬೇಕಾಗಿಯೂ ಇರಲಿಲ್ಲ. ಕೂರುವ ಜಾಗ ಬದಲಾಗಬೇಕಿತ್ತು, ಅಷ್ಟೇ. ಅಲ್ಲಿಂದ ದೂರದಲ್ಲಿ, ಕಪ್ಪು ಇಳಿಜಾರಿನ ಮೇಲೆ, ದಾರದಷ್ಟು ತೆಳ್ಳಗೆ ಒಂದು ಕೆಂಪು ಗೆರೆ ಕಂಡಿತು.

"ದಟ್ಸ್ ಇಟ್?" ಎಂದಿತು ಎಲೀಶಾ.

ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಹಿರಿಯರು ಆ ಗೆರೆಗೆ ತೆಂಗಿನಕಾಯಿ ತೋರಿಸಿ ಕೈ ಮುಗಿದು, ಒಂದು ಕಲ್ಲಿಗೆ ಕುಟ್ಟಿ ಒಡೆದು, ಮೊದಲ ಹೋಳನ್ನು ಮಾರ್ತಾಳಿಗೆ ಕೊಟ್ಟರು. ಚಿಪ್ಪು ಚೀಲಕ್ಕೆ ವಾಪಸು ಹೋಯಿತು.

ಗಾಳಿಯೊಂದಿಗೆ ಬೂದಿಯೂ ಬರುತ್ತಿತ್ತು. ಚಿತ್ರಾನ್ನದ ಮೇಲೆ ಯಾರೋ ಕರಿ ಎಳ್ಳು ಉದುರಿಸಿದ ಹಾಗೆ ಕಾಣುತ್ತಿತ್ತು. ಡಯಾನಾ ಒಂದು ತುತ್ತು ಬಾಯಿಗೆ ಹಾಕಿಕೊಂಡರು. ಕರ್ ಎಂದಿತು. ಅವರು ಜಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು.

"ಬಾಯಿ, ಅನ್ನದಲ್ಲಿ ಕಲ್ಲುಂಟು."

ಸದಾಶಿವನ ಕೈ ಅನ್ನದ ಪಾತ್ರೆಯ ಮೇಲೆಯೇ ನಿಂತಿತು.

"ಉಂಟು" ಎಂದೆ.

ಅವರು ಪಕ್ಕದಲ್ಲಿದ್ದ ಮಗಳನ್ನು ನೋಡಿದರು. ಎಲೀಶಾ ಕೂದಲೆಲ್ಲ ಹಾರುತ್ತಾ, ಕೆನ್ನೆ ಕೆಂಪಗೆ ಮಾಡಿಕೊಂಡು, ಅನ್ನದೊಳಗಿನ ಕಪ್ಪು ಕಾಳುಗಳನ್ನು ಆರಿಸಿ ಆರಿಸಿ ತಟ್ಟೆಯ ಅಂಚಿಗೆ ಇಡುತ್ತಿತ್ತು. ಡಯಾನಾ ತಟ್ಟೆಯನ್ನು ಸದಾಶಿವನ ಮುಂದೆ ಹಿಡಿದರು.

"ಇನ್ನೊಂದು ಸೌಟು ಹಾಕಿ ಸದಾಶಿವಣ್ಣ" ಎಂದರು. ಆಮೇಲೆ ಅಬು ತಾರಿಕ್ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದರು: "ಸರ್, ಆ ಕಂಪ್ಲೇಂಟ್ ಹರಿದುಹಾಕಿ."

ಸದಾಶಿವ ಬಡಿಸಿದ. ಅವನ ಕಣ್ಣಿನಲ್ಲಿ ನೀರಿತ್ತು. ಬೂದಿ ಬಿತ್ತು ಎಂದ. ಎಲ್ಲರ ಕಣ್ಣಿಗೂ ಬೂದಿ ಬಿದ್ದಿತ್ತು. ಇಷ್ಟು ವರ್ಷ ಅನ್ನದಲ್ಲಿ ಒಂದು ಕಾಳು ಮರಳು ಬೀಳದ ಹಾಗೆ ನೋಡಿಕೊಂಡವಳು ನಾನು. ಅವತ್ತು ಕಟಕಟ ಎಂದು ಜಗಿದು, ತಟ್ಟೆ ಬಳಿದು ಉಂಡೆ. ಅಷ್ಟು ರುಚಿಯ ಊಟವನ್ನು ನಾನು ಬೇರೆಲ್ಲೂ ಉಂಡಿಲ್ಲ.

ಸದಾಶಿವ ಈಗಲೂ ಆ ದಾರಿಯಲ್ಲಿ ತಂಡ ಕರೆದೊಯ್ಯುತ್ತಾನೆ. ಅವನ ಮಗ ಪರೀಕ್ಷೆ ಪಾಸಾದ. ಮಾರ್ತಾಳ ದ್ವೀಪದ ಬೇರೆ ಗೈಡ್‌ಗಳೂ ನಮ್ಮ ಕಾಗದವನ್ನು ತಮ್ಮ ಭಾಷೆಗೆ ಮಾಡಿಸಿಕೊಂಡು ಬಂದವರಿಗೆಲ್ಲ ಕೊಡುತ್ತಾರಂತೆ, ಡಯಾನಾರ ಎರಡು ಸಾಲುಗಳ ಸಮೇತ. ಇದಕ್ಕಿಂತ ದೊಡ್ಡ ಬಿರುದು ನನಗೆ ಬೇಡ.

ಹಾಗಾಗಿ ಮಗಳೇ, ಗಿರಾಕಿಗಳು ಫೋನ್ ಮಾಡಿ ಅನ್ನದ ಮೇಲೆ ಬೂದಿ ಬಿತ್ತು ಎಂದು ಬೈದರೆ ಬೇಜಾರು ಮಾಡಿಕೊಳ್ಳಬೇಡ. ಪೂರ್ತಿ ಕೇಳು. ಬೈಯುತ್ತಿದ್ದಾರೆ ಎಂದರೆ ಎಲ್ಲರೂ ಎಚ್ಚರವಾಗಿದ್ದಾರೆ.